ತಾಳುಬೆಟ್ಟ ದಾಟಿದ ಮೇಲೆ
(ಕಾಡುದಾರಿಯಲ್ಲಿ ನಡೆದು ಬರುವ ಭಕ್ತಾದಿಗಳಿಗೆ ತಿಳುವಳಿಕೆಯ ಪಾಠ)

ಎಪ್ಪತ್ತೇಳು ಮಲೆಗಳ ಒಡೆಯನೆಂದು ಹೆಸರಾದ ಶ್ರೀ ಮಲೆ ಮಹದೇಶ್ವರ ಸ್ವಾಮಿಯ ದರ್ಶನಕ್ಕೆ ಬಸ್ಸಿನಲ್ಲಿ ಬರುವವರಿದ್ದಾರೆ, ಕಾರು ಬೈಕಿನಲ್ಲಿ ಬರುವವರಿದ್ದಾರೆ. ಹರಕೆ ಹೊತ್ತು ನಡೆದೇ ಬರುವ ಭಕ್ತರೂ ಸಾವಿರಾರು ಮಂದಿ. ಮಹಾಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಿಗೂ ಅಮಾವಾಸ್ಯೆಗಳಿಗೂ ಚಾಮರಾಜನಗರ, ಮೈಸೂರು, ಮಂಡ್ಯ, ಕನಕಪುರ, ಬೆಂಗಳೂರು ಕಡೆಯಿಂದ, ಹಾಗೆಯೇ ತಮಿಳುನಾಡಿನ ಕಡೆಯಿಂದ ಪರಸೆ ಹೊರಡುತ್ತದೆ. "ಉಘೇ ಮಾದಪ್ಪ" ಎನ್ನುತ್ತಾ ತಾಳುಬೆಟ್ಟದಲ್ಲಿ ಪೂಜೆ ಸಲ್ಲಿಸಿ, ಕಾಯಿ ಒಡೆದು, ಅಲ್ಲಿಂದ ಮಲೆ ಏರುವುದು ಹಿಂದಿನಿಂದ ಬಂದ ಪದ್ಧತಿ.

ಗುಡಿಯ ಹೊಸ್ತಿಲು ದಾಟುವಾಗ ಹೇಗಿರಬೇಕು ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಚಪ್ಪಲಿ ಬಿಡುತ್ತೇವೆ, ಉಗುಳುವುದಿಲ್ಲ, ಎಂಜಲು ಚೆಲ್ಲುವುದಿಲ್ಲ. ಆದರೆ ಅದೇ ಭಕ್ತರು ದಾರಿಯಲ್ಲಿ ಬರುವಾಗ ಬಾಟಲಿ ಎಸೆಯುತ್ತಾರೆ, ಬೀಡಿ ಬಿಸಾಕುತ್ತಾರೆ. ಕಾರಣ ಇಷ್ಟೇ: ಗುಡಿ ಮಾತ್ರ ದೇವರದು, ದಾರಿ ಬರೀ ಕಾಡು ಅಂತ ತಿಳಿದಿರುತ್ತಾರೆ. ಮಾದಪ್ಪನ ಕ್ಷೇತ್ರದಲ್ಲಿ ಈ ಲೆಕ್ಕ ಸರಿಹೋಗುವುದಿಲ್ಲ. ಇಲ್ಲಿ ಹೊಸ್ತಿಲು ಇರುವುದು ತಾಳುಬೆಟ್ಟದಲ್ಲಿ. ಅದನ್ನು ದಾಟಿದ ಮೇಲೆ ಕಾಣುವ ಕಾಡೆಲ್ಲ ಸ್ವಾಮಿಯ ಅಂಗಳ ಎಂದು ತಿಳಿದು ನಡೆಯಬೇಕು. ಅದು ಹೇಗೆ ಎಂಬುದೇ ಈ ಪಾಠ.

1. ಈ ದಾರಿ ಎಂಥ ಕಾಡಿನಲ್ಲಿದೆ

ಹನೂರು ತಾಲ್ಲೂಕಿನ ಈ ಮಲೆಗಳ ಕಾಡನ್ನು ಸರ್ಕಾರ 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿ ಧಾಮ ಎಂದು ಘೋಷಿಸಿತು. ಇದರ ವಿಸ್ತೀರ್ಣ ಸುಮಾರು 906 ಚದರ ಕಿ.ಮೀ. ಒಂದು ಕಡೆ ಕಾವೇರಿ ವನ್ಯಜೀವಿ ಧಾಮ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ, ಆಚೆಗೆ ತಮಿಳುನಾಡಿನ ಸತ್ಯಮಂಗಲದ ಕಾಡು. ನಕ್ಷೆಯಲ್ಲಿ ಬೇರೆ ಬೇರೆ ಹೆಸರಿದ್ದರೂ ಆನೆಗೆ ಇವೆಲ್ಲ ಒಂದೇ ಕಾಡು. ಮಳೆಗಾಲದಲ್ಲಿ ಒಂದು ಕಡೆ ಮೇಯ್ದು, ಬೇಸಿಗೆಯಲ್ಲಿ ನೀರಿರುವ ಕಡೆಗೆ ಹೋಗುತ್ತದೆ. ಒಂದು ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕು. ಅಷ್ಟು ಮೇವು ಒಂದೇ ಜಾಗದಲ್ಲಿ ಸಿಗುವುದಿಲ್ಲ, ಆದ್ದರಿಂದ ಅದು ಸುತ್ತುತ್ತಲೇ ಇರಬೇಕು. ಸುತ್ತುವಾಗ ನಮ್ಮ ರಸ್ತೆ, ನಮ್ಮ ಕಾಲುದಾರಿಯನ್ನು ಅಡ್ಡ ದಾಟಲೇಬೇಕು. ದೇಶದಲ್ಲಿ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. 2025ರಲ್ಲಿ ಪ್ರಕಟವಾದ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,013 ಆನೆಗಳಿವೆ.

ಆನೆಯ ಜೊತೆಗೆ ಹುಲಿ, ಚಿರತೆ, ಕರಡಿ, ಕಾಟಿ, ಕಡವೆ, ಜಿಂಕೆ, ಕಾಡುನಾಯಿ ಎಲ್ಲವೂ ಇಲ್ಲಿವೆ. ತಲೆತಲಾಂತರದಿಂದ ಈ ಮಲೆಗಳಲ್ಲಿ ಬಾಳಿದ ಸೋಲಿಗರ ಪೋಡುಗಳಿವೆ, ಬೇಡಗಂಪಣರ ಊರುಗಳಿವೆ.

2. ಕಾಡು ಬೇರೆ, ಸ್ವಾಮಿ ಬೇರೆ ಅಲ್ಲ

ಮಾದಪ್ಪನ ವಾಹನ ಹುಲಿ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಕಂಸಾಳೆಯವರು, ದೇವರಗುಡ್ಡರು ಹಾಡುವ ಕಥೆಯಲ್ಲಿ ಸ್ವಾಮಿ ಹುಲಿ ಏರಿ ಮಲೆ ಮಲೆ ಸುತ್ತುತ್ತಾನೆ. ಸ್ವಾಮಿ ಪರೀಕ್ಷೆ ಮಾಡಿ ವರ ಕೊಟ್ಟ ಸಂಕಮ್ಮ ಸೋಲಿಗರ ಹೆಣ್ಣುಮಗಳು.

ದೀಪಾವಳಿಯ ಹಾಲರವೆ ಉತ್ಸವವನ್ನು ನೋಡಿದವರಿಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಬೇಡಗಂಪಣ ಮನೆತನಗಳ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಳ್ಳಕ್ಕೆ ನಡೆದು ಹೋಗಿ, ಕಳಶದಲ್ಲಿ ನೀರು ಹೊತ್ತು ತರುತ್ತಾರೆ. ಆ ನೀರಿನಿಂದಲೇ ಸ್ವಾಮಿಗೆ ಅಭಿಷೇಕ. ಅಂದ ಮೇಲೆ ಕಾಡಿನ ಹಳ್ಳ ಕೆಟ್ಟರೆ ಕೆಡುವುದು ಅಭಿಷೇಕದ ನೀರು. ಹಳ್ಳದ ದಂಡೆಯಲ್ಲಿ ಸೋಪು ಹಚ್ಚಿ ಬಟ್ಟೆ ಒಗೆಯುವವರು ಒಂದು ಕ್ಷಣ ಇದನ್ನು ನೆನೆಯಬೇಕು.

2025ರ ಜೂನ್ ತಿಂಗಳಲ್ಲಿ ಈ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು, ಅದನ್ನು ತಿಂದು ಒಂದು ಸಂಸಾರವೇ ಅಳಿಯಿತು. ಸುದ್ದಿ ನಾಡಿಗೆಲ್ಲ ಹಬ್ಬಿತು, ಮಾದಪ್ಪನ ಒಕ್ಕಲಿನ ಮನೆಗಳಲ್ಲಿ ಜನ ಮರುಗಿದರು. ಆ ಕೃತ್ಯಕ್ಕೂ ಯಾತ್ರಿಕರಿಗೂ ಸಂಬಂಧವಿಲ್ಲ. ಆದರೆ ಮನುಷ್ಯ ಕಾಡಿನಲ್ಲಿ ಬಿಟ್ಟು ಬರುವ ಒಂದು ವಸ್ತುವಿನಿಂದ ಎಷ್ಟು ಜೀವ ಹೋಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

3. ಹೊರಡುವ ಮುನ್ನ

ತಾಳುಬೆಟ್ಟದಿಂದ ಬೆಟ್ಟಕ್ಕೆ ಸುಮಾರು 18 ಕಿ.ಮೀ. ಏರುದಾರಿಯಲ್ಲಿ ಹೆಂಗಸರು ಮಕ್ಕಳು ವಯಸ್ಸಾದವರು ಜೊತೆಗಿದ್ದರೆ ಗಂಟೆಗೆ 3 ಕಿ.ಮೀ. ನಡೆದರೆ ಹೆಚ್ಚು. ಅಂದರೆ ನಡಿಗೆಗೇ ಆರು ಗಂಟೆ, ಕೂತು ಎದ್ದು ಬರುವುದಕ್ಕೆ ಇನ್ನೊಂದೆರಡು ಗಂಟೆ. ಬೆಳಗ್ಗೆ ಬೆಳಕು ಹರಿದ ಮೇಲೆ ಆರೂವರೆಗೆ ಹೊರಟವರು ಮಧ್ಯಾಹ್ನ ಎರಡೂವರೆಗೆ ಆರಾಮವಾಗಿ ಬೆಟ್ಟ ಸೇರುತ್ತಾರೆ. ಹನ್ನೊಂದು ಗಂಟೆಗೆ ಹೊರಟವರಿಗೆ ಕೊನೆಯ ತಿರುವುಗಳಲ್ಲಿ ಕತ್ತಲಾಗುತ್ತದೆ. ತಡವಾಯಿತು ಅನ್ನಿಸಿದರೆ ಅಂದು ಹೊರಡದೆ ತಂಗಿ, ಮಾರನೆಯ ದಿನ ನಡೆಯುವುದು ಒಳ್ಳೆಯದು. ಇಲ್ಲವೇ ಅಂದಿನ ಮಟ್ಟಿಗೆ ಬಸ್ಸು ಹತ್ತಿ.

ಕಾಡುಪ್ರಾಣಿಗಳ ಓಡಾಟ, ಬೆಂಕಿಯ ಭಯ, ಮಳೆ ಇವುಗಳನ್ನು ನೋಡಿಕೊಂಡು ಪಾದಯಾತ್ರೆಯ ನಿಯಮಗಳು ಆಗಾಗ ಬದಲಾಗುತ್ತವೆ. ಕಳೆದ ವರ್ಷ ಬಿಟ್ಟಿದ್ದರು ಅಂತ ಈ ವರ್ಷವೂ ಹೊರಡಬೇಡಿ. ತಾಳುಬೆಟ್ಟದಲ್ಲಿ ಅರಣ್ಯ ಇಲಾಖೆಯವರನ್ನೋ ಪೊಲೀಸರನ್ನೋ ಕೇಳಿ, ಅವರು ಹೇಳಿದ ಸಮಯದಲ್ಲಿ, ಹೇಳಿದ ದಾರಿಯಲ್ಲಿ ಮಾತ್ರ ನಡೆಯಿರಿ. ಬೆಟ್ಟದಿಂದ ನಾಗಮಲೆಗೆ ಹೋಗಬೇಕೆನ್ನುವವರು ಇನ್ನೂ ಮುಖ್ಯವಾಗಿ ವಿಚಾರಿಸಬೇಕು. ಕಾಡಿನ ಚಾರಣಗಳಿಗೆ 2024ರಲ್ಲಿ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬಂದಿದೆ. ಅನುಮತಿ ಇಲ್ಲದೆ ಹೊರಟು ಅರ್ಧ ದಾರಿಯಲ್ಲಿ ವಾಪಸಾಗುವುದು ಬೇಡ.

ಕನಕಪುರದ ಕಡೆಯಿಂದ ಶಿವರಾತ್ರಿಗೆ ಬರುವ ಭಕ್ತರು ಕಾವೇರಿಯನ್ನು ಕಾಲ್ನಡಿಗೆಯಲ್ಲಿ ದಾಟುತ್ತಾರೆ. ನೀರು ಮೇಲೆ ಶಾಂತವಾಗಿ ಕಂಡರೂ ತಳದಲ್ಲಿ ಬಂಡೆ, ಮಡು ಇರುತ್ತವೆ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಹರಿವು ಏರುತ್ತದೆ. ಹಗ್ಗ ಕಟ್ಟಿ, ಸಿಬ್ಬಂದಿ ನಿಂತಿರುವ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಇಳಿಯಬೇಡಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಹಸ ಮಾಡಬೇಡಿ.

ಚೀಲದಲ್ಲಿ ಇರಬೇಕಾದ್ದು: ತಲಾ ಎರಡು ಮೂರು ಲೀಟರ್ ನೀರು (ಸ್ಟೀಲ್ ಬಾಟಲಿ ಇದ್ದರೆ ಉತ್ತಮ), ಟಾರ್ಚು, ದಿನ ತೆಗೆದುಕೊಳ್ಳುವ ಮಾತ್ರೆ, ಒಂದು ಟವೆಲು, ಊರುಗೋಲು, ಕಸ ತುಂಬಿಕೊಳ್ಳಲು ಒಂದು ಬಟ್ಟೆ ಚೀಲ. ಈ ಕೊನೆಯದನ್ನು ಮರೆಯುವವರೇ ಹೆಚ್ಚು.

4. ದಾರಿಯಲ್ಲಿ ನಡೆಯುವ ಕ್ರಮ

ಹತ್ತು ಹನ್ನೆರಡು ಜನ ಒಂದು ಗುಂಪಾಗಿ ನಡೆಯಿರಿ. ದಾರಿ ಬಲ್ಲ ಹಿರಿಯರೊಬ್ಬರು ಮುಂದೆ, ಗಟ್ಟಿಯಾದ ಇನ್ನೊಬ್ಬರು ಹಿಂದೆ, ಮಕ್ಕಳು ನಡುವೆ. ಹಿಂದೆ ಬಿದ್ದವರಿಗೆ ಕಾಯಬೇಕು. ಒಂಟಿಯಾಗಿ ಉಳಿದವರಿಗೇ ಅಪಾಯ ಜಾಸ್ತಿ.

ತಿರುವು ಉಳಿಯುತ್ತೆ ಅಂತ ಅಡ್ಡದಾರಿ ಹಿಡಿಯಬೇಡಿ. ಒಬ್ಬ ತುಳಿದ ಜಾಗ ಹತ್ತು ಜನಕ್ಕೆ ದಾರಿಯಾಗುತ್ತದೆ, ಮಳೆ ಬಂದಾಗ ಅದೇ ಕಾಲುವೆಯಾಗಿ ಮಣ್ಣು ಕೊಚ್ಚಿ ಹೋಗುತ್ತದೆ. ಜೊತೆಗೆ ಲಂಟಾನ ಪೊದೆಗಳ ಹಿಂದೆ ಯಾವ ಪ್ರಾಣಿ ಮಲಗಿದೆಯೋ ಯಾರು ಬಲ್ಲರು?

ಸ್ಪೀಕರ್ ಹಾಕಿಕೊಂಡು ಬರುವುದು ಈಚೆಗೆ ಹೆಚ್ಚಾಗಿದೆ. ಕಾಡಿನಲ್ಲಿ ಸೊಪ್ಪು ಮುರಿಯುವ ಸದ್ದು, ಲಂಗೂರನ ಕೂಗು, ಜಿಂಕೆಯ ಎಚ್ಚರಿಕೆಯ ಕೂಗು ಇವೇ ನಮಗೆ ಮುನ್ಸೂಚನೆ. ಸ್ಪೀಕರ್ ಹಾಕಿದರೆ ಪ್ರಾಣಿಗೂ ಕಷ್ಟ, ನಮಗೂ ಸೂಚನೆ ಕೇಳಿಸುವುದಿಲ್ಲ. ಬಾಯಲ್ಲಿ ಮಾದಪ್ಪನ ನಾಮ, ಪಕ್ಕದವರ ಜೊತೆ ಮೆಲುಮಾತು, ಇಷ್ಟು ಸಾಕು. ನಮ್ಮ ಬರವು ತಿಳಿದರೆ ಕರಡಿಯೂ ಸರಿದು ಹೋಗುತ್ತದೆ.

ಸಾಕುನಾಯಿಯನ್ನು ಕರೆತರಬೇಡಿ. ನಾಯಿಯಿಂದ ಕಾಡುನಾಯಿಗಳಿಗೆ ರೋಗ ಅಂಟುತ್ತದೆ. ಹರಕೆಯ ಬಸವನನ್ನೋ ಕುದುರೆಯನ್ನೋ ಜೊತೆಗೆ ಕರೆತರಬೇಕು ಎನ್ನುವವರು ಮೊದಲು ಅನುಮತಿ ಕೇಳಬೇಕು. ಬಸವನಿಗೆ ಲಸಿಕೆ ಆಗಿರಬೇಕು, ಹಗ್ಗ ಬಿಚ್ಚಿ ಕಾಡಿನಲ್ಲಿ ಮೇಯಲು ಬಿಡಬಾರದು. ದನಗಳ ಕಾಲುಬಾಯಿ ಜ್ವರ ಕಾಟಿಗಳಿಗೂ ಹರಡುತ್ತದೆ.

5. ಬೆಂಕಿ

ಶಿವರಾತ್ರಿ ಬರುವ ಹೊತ್ತಿಗೆ ಮುತ್ತುಗ ಹೂ ಬಿಟ್ಟಿರುತ್ತದೆ, ಮಿಕ್ಕ ಮರಗಳು ಎಲೆ ಉದುರಿಸಿ ನಿಂತಿರುತ್ತವೆ. ನೆಲದ ತುಂಬ ತರಗು. ಒಣಗಿದ ಬಿದಿರು, ಒಣಗಿದ ಲಂಟಾನ. ಆ ಹೊತ್ತಿನಲ್ಲಿ ಒಂದು ಬೀಡಿಯ ಕಿಡಿ ಸಾಕು, ಗಾಳಿ ಬೀಸಿದರೆ ಮಲೆಯ ನೆತ್ತಿಯವರೆಗೆ ಹತ್ತುತ್ತದೆ. ದೊಡ್ಡ ಪ್ರಾಣಿಗಳು ಹೇಗೋ ಓಡುತ್ತವೆ. ನೆಲದಲ್ಲಿ ಮೊಟ್ಟೆ ಇಟ್ಟ ಹಕ್ಕಿ, ಆಮೆ, ಹಾವು, ಆಗ ತಾನೇ ಚಿಗುರಿದ ಸಸಿ ಎಲ್ಲಿಗೆ ಓಡಬೇಕು? ಬರಿದಾದ ನೆಲದ ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ.

ಮಾದಪ್ಪನ ಪೂಜೆ ಅಂದರೆ ಧೂಪ ಇರಲೇಬೇಕು. ಆದರೆ ದಾರಿಯ ಮರದ ಬುಡದಲ್ಲಿ, ಬಂಡೆಯ ಮೇಲೆ ಕರ್ಪೂರ ಹಚ್ಚಿ, ಧೂಪ ಹಾಕಿ, ಹಾಗೇ ಮುಂದೆ ಹೋಗುವುದು ಬಹಳ ಅಪಾಯ. ಹೊಗೆ ಹೋದರೆ ಹೆಜ್ಜೇನು ಏಳುತ್ತದೆ, ಕಿಡಿ ಉಳಿದರೆ ಕಾಡು ಸುಡುತ್ತದೆ. ಧೂಪ ಕರ್ಪೂರ ತಾಳುಬೆಟ್ಟದಲ್ಲಿ ಮತ್ತು ಬೆಟ್ಟದ ಮೇಲೆ, ಅದಕ್ಕೆಂದೇ ಇರುವ ಜಾಗದಲ್ಲಿ ಮಾತ್ರ ಹಚ್ಚಿ. ನಡುದಾರಿಯಲ್ಲಿ ಕೈಮುಗಿದರೆ ಸ್ವಾಮಿಗೆ ಮುಟ್ಟುತ್ತದೆ. ಒಲೆ ಹೂಡಿ ಅಡುಗೆ ಮಾಡುವುದು, ಚಳಿಗೆ ಬೆಂಕಿ ಹಾಕುವುದು ಬೇಡ. ವನ್ಯಜೀವಿ ಧಾಮದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

6. ಬುತ್ತಿ, ಪ್ಲಾಸ್ಟಿಕ್, ಅನ್ನದಾನ

ಚಿತ್ರಾನ್ನ ಕಟ್ಟಿದ ಕವರಿನಲ್ಲಿ ಉಪ್ಪು ಎಣ್ಣೆಯ ವಾಸನೆ ಉಳಿದಿರುತ್ತದೆ. ಕಾಡಿನ ಪ್ರಾಣಿಗೆ ಉಪ್ಪು ಎಂದರೆ ಆಸೆ. ಜಿಂಕೆ, ಕಡವೆ, ಆನೆ ಕವರ್ ಸಮೇತ ನುಂಗುತ್ತವೆ. ಅದು ಕರಗುವುದಿಲ್ಲ, ಹೊಟ್ಟೆಯಲ್ಲಿ ಗಂಟು ಕಟ್ಟಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಮೇವು ಸೇರುವುದಿಲ್ಲ, ದಿನದಿನಕ್ಕೆ ಸೊರಗಿ ಸಾಯುತ್ತದೆ. ಸತ್ತದ್ದು ಯಾವುದರಿಂದ ಅಂತ ಕವರ್ ಎಸೆದವರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ದಾರಿಯುದ್ದಕ್ಕೂ ಪಾನಕ, ಮಜ್ಜಿಗೆ, ಅನ್ನ ಕೊಡುವ ಪುಣ್ಯವಂತರು ಬಹಳ ಮಂದಿ. ಅವರಲ್ಲಿ ಒಂದು ಪ್ರಾರ್ಥನೆ. ಪ್ಲಾಸ್ಟಿಕ್ ಲೋಟ, ಥರ್ಮಾಕೋಲ್ ತಟ್ಟೆ ಬಿಟ್ಟು ಮುತ್ತುಗದ ಎಲೆ, ಅಡಿಕೆ ಹಾಳೆ ತಟ್ಟೆ, ತೊಳೆದು ಬಳಸುವ ಸ್ಟೀಲ್ ಲೋಟ ಇಡಿ. ಅನುಮತಿ ಕೊಟ್ಟ ಜಾಗದಲ್ಲೇ ಬಡಿಸಿ. ಮಿಕ್ಕ ಅನ್ನವನ್ನು "ಪ್ರಾಣಿಗಳು ತಿನ್ನಲಿ" ಎಂದು ಕಾಡಿನಂಚಿಗೆ ಸುರಿಯಬೇಡಿ. ಆ ವಾಸನೆಗೆ ಹಂದಿ ಬರುತ್ತದೆ, ನಾಯಿ ಬರುತ್ತದೆ, ನಾಯಿ ಹಿಡಿಯಲು ಚಿರತೆ ಬರುತ್ತದೆ. ಅದೇ ದಾರಿಯಲ್ಲಿ ಬೆಳಗ್ಗೆ ಇನ್ನೊಂದು ಪರಸೆ ಬರುತ್ತಿರುತ್ತದೆ. ಕೊನೆಯ ಎಲೆ ಎತ್ತಿ, ನೆಲ ಗುಡಿಸಿ, ಕಸವನ್ನು ವಾಹನದಲ್ಲಿ ವಾಪಸ್ ಒಯ್ದರೆ ಅನ್ನದಾನ ಪೂರ್ತಿಯಾದಂತೆ.

ಈ ಕ್ಷೇತ್ರದಲ್ಲಿ ರಜ ಹೊಡೆಯುವುದು ಒಂದು ಸೇವೆ. ಪೊರಕೆ ಹಿಡಿದು ಸ್ವಾಮಿಯ ಮುಂದಿನ ಧೂಳು ಗುಡಿಸುವುದನ್ನೇ ಹರಕೆಯಾಗಿ ಹೊರುವ ಭಕ್ತರಿದ್ದಾರೆ. ಗುಡಿಸುವುದನ್ನು ಸೇವೆಯೆಂದು ಒಪ್ಪಿಕೊಂಡ ದೇವರ ದಾರಿಯಲ್ಲಿ ಕಸ ಹಾಕುವುದು ಯಾವ ನ್ಯಾಯ? ದಾರಿಯಲ್ಲಿ ಸಿಕ್ಕ ನಾಲ್ಕು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಬಂದವರೂ ರಜ ಹೊಡೆದಂತೆಯೇ.

7. ನೀರು ಮತ್ತು ಶೌಚ

ಬೇಸಿಗೆಯಲ್ಲಿ ಎಷ್ಟೋ ಹಳ್ಳಗಳು ಬತ್ತುತ್ತವೆ. ಉಳಿದ ಗುಂಡಿ ನೀರನ್ನೇ ನಂಬಿ ಪ್ರಾಣಿಗಳು ಇರುತ್ತವೆ. ಬೆಳಗಿನ ಜಾವ, ಸಂಜೆ ಹೊತ್ತು ನೀರಿನ ಬಳಿ ಕೂರಬೇಡಿ. ಸೋಪು, ಶಾಂಪೂ, ಎಣ್ಣೆ ನೀರಿಗೆ ಬೇಡ. ಸ್ನಾನ ಮಾಡಿದ ಹಳೇ ಬಟ್ಟೆಯನ್ನು ನೀರಿನಲ್ಲಿ ಬಿಟ್ಟು ಹೋದರೆ ಪಾಪ ಕಳೆಯುವುದಿಲ್ಲ, ಕಸ ಬೆಳೆಯುತ್ತದೆ.

ಶೌಚಕ್ಕೆ ತಾಳುಬೆಟ್ಟದಲ್ಲೇ ಹೋಗಿ ಬಂದು ಹೊರಡಿ. ದಾರಿಯಲ್ಲಿ ಅನಿವಾರ್ಯವಾದರೆ ಜೊತೆಗೊಬ್ಬರನ್ನು ಕರೆದುಕೊಂಡು, ನೀರಿನಿಂದ ಎಪ್ಪತ್ತು ಎಂಬತ್ತು ಹೆಜ್ಜೆ ದೂರದಲ್ಲಿ, ಗೇಣು ಆಳ ಮಣ್ಣು ಬಗೆದು, ಆಮೇಲೆ ಮುಚ್ಚಿ. ಹೆಂಗಸರ ಪ್ಯಾಡು, ಮಕ್ಕಳ ಡೈಪರ್ ಕಾಗದದಲ್ಲಿ ಸುತ್ತಿ ವಾಪಸ್ ತನ್ನಿ.

8. ಪ್ರಾಣಿ ಎದುರಾದರೆ

ಆನೆ: ಕಂಡ ಕೂಡಲೇ ನಿಲ್ಲಿ. ಕೂಗಬೇಡಿ, ಕಲ್ಲು ಎಸೆಯಬೇಡಿ, ಮೊಬೈಲ್ ತೆಗೆಯಬೇಡಿ. ಬಂದ ದಾರಿಯಲ್ಲೇ ಮೆಲ್ಲಗೆ ಹಿಂದೆ ಸರಿದು, ಅದು ದಾಟುವವರೆಗೆ ಕಾಯಿರಿ. ಒಂದು ದಾಟಿತು ಅಂತ ಹೆಜ್ಜೆ ಇಡಬೇಡಿ, ಹಿಂದೆ ಮರಿ ಇರಬಹುದು. ತಾಯಿ ಮರಿಯ ನಡುವೆ ಸಿಕ್ಕಿದರೆ ಉಳಿಗಾಲವಿಲ್ಲ.

ಚಿರತೆ, ಹುಲಿ: ಓಡಬಾರದು, ಬಗ್ಗಬಾರದು, ಬೆನ್ನು ತೋರಿಸಬಾರದು. ಮಕ್ಕಳನ್ನು ನಡುವೆ ಹಾಕಿಕೊಂಡು ಎಲ್ಲರೂ ಒತ್ತಾಗಿ ನಿಂತು, ಕೈ ಮೇಲೆತ್ತಿ, ಗಟ್ಟಿ ದನಿಯಲ್ಲಿ ಮಾತಾಡುತ್ತಾ ಹಿಂದೆ ಸರಿಯಿರಿ.

ಹಾವು: ಬಂಡೆ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮಾಡಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ಇರಿಸಿ, ನಡೆಸದೆ, ಬೇಗ ಆಸ್ಪತ್ರೆಗೆ ಸಾಗಿಸಿ. ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112. ಕಾಡಿನಲ್ಲಿ ಎಲ್ಲ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದಲೇ ಗುಂಪಾಗಿ ಇರಬೇಕು.

9. ಭಕ್ತರು ಕೇಳುವ ಕೆಲವು ಪ್ರಶ್ನೆಗಳು

"ನಮ್ಮ ತಾತನ ಕಾಲದಿಂದಲೂ ರಾತ್ರಿಯೇ ನಡೆದು ಬರೋದು. ಹರಕೆ ತಪ್ಪಿದರೆ?" ಹಿಂದಿನವರು ಬಿಸಿಲಿಗೆ ಅಂಜಿ ರಾತ್ರಿ ನಡೆದಿರಬಹುದು. ಹರಕೆ ಇರುವುದು ನಡೆಯುವುದಕ್ಕೆ. ಬೆಳಕಿನಲ್ಲಿ ನಡೆದರೂ ಹರಕೆ ಸಲ್ಲುತ್ತದೆ. ರಾತ್ರಿ ಹೊತ್ತು ಕಾಡು ಪ್ರಾಣಿಗಳ ಪಾಲು. ಆ ಪಾಲನ್ನು ಅವಕ್ಕೇ ಬಿಡೋಣ. ಮನೆಯಲ್ಲಿ ಕಾಯುತ್ತಿರುವ ಹೆಂಡತಿ ಮಕ್ಕಳಿಗೆ ನೀವು ಕ್ಷೇಮವಾಗಿ ಹಿಂದಿರುಗುವುದೇ ದೊಡ್ಡ ಪ್ರಸಾದ.

"ಮಂಗಗಳಿಗೆ ಬಾಳೆಹಣ್ಣು ಹಾಕೋದು ಪುಣ್ಯ ಅಲ್ವಾ?" ಒಂದು ದಿನ ಹಾಕಿದರೆ ಮಂಗ ಮರುದಿನ ರಸ್ತೆಗೇ ಬರುತ್ತದೆ. ವಾಹನಕ್ಕೆ ಸಿಕ್ಕಿ ಸಾಯುತ್ತದೆ, ಇಲ್ಲವೇ ಕೊಡದವರ ಮೇಲೆರಗಿ ಕಚ್ಚುತ್ತದೆ. ಕಾಡಿನಲ್ಲಿ ಅದಕ್ಕೆ ಹಣ್ಣು ಚಿಗುರು ಇದೆ. ಹಸಿದವರಿಗೆ ಅನ್ನ ಹಾಕಬೇಕು ಎಂಬ ಮನಸ್ಸಿದ್ದರೆ ಕ್ಷೇತ್ರದ ದಾಸೋಹಕ್ಕೆ ಕಾಣಿಕೆ ಕೊಡಿ.

"ನಾನೊಬ್ಬ ಕವರ್ ಹಾಕದಿದ್ದರೆ ಕಾಡು ಉದ್ಧಾರ ಆಗುತ್ತಾ?" ನೀವೊಬ್ಬರು ನಡೆದು ಬಂದರೆ ಮಾದಪ್ಪನಿಗೆ ಹೆಚ್ಚೇನು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರೋ, ಇದಕ್ಕೂ ಅದೇ ಉತ್ತರ.

10. ಹೊರಡುವಾಗ ಒಮ್ಮೆ ಓದಿಕೊಳ್ಳಿ

ಗುಂಪಿನ ಹಿರಿಯರು ತಾಳುಬೆಟ್ಟದಲ್ಲಿ ಈ ಸಾಲುಗಳನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಬೇಕಾಗಿ ವಿನಂತಿ.

ಬೆಳಕಿರುವಾಗ ನಡೆಯುವುದು, ಕತ್ತಲಾಗುವ ಮೊದಲು ಸೇರುವುದು.
ಅಂದಿನ ನಿಯಮ ಕೇಳಿ ಹೊರಡುವುದು.
ಗುಂಪು ಬಿಡದಿರುವುದು, ಅಡ್ಡದಾರಿ ಹಿಡಿಯದಿರುವುದು.
ದಾರಿಯಲ್ಲಿ ಬೆಂಕಿ, ಧೂಪ, ಕರ್ಪೂರ, ಬೀಡಿ ಹಚ್ಚದಿರುವುದು.
ಯಾವ ಪ್ರಾಣಿಗೂ ಏನೂ ಹಾಕದಿರುವುದು.
ಹಳ್ಳದ ನೀರಿಗೆ ಸೋಪು, ಬಟ್ಟೆ ಬಿಡದಿರುವುದು.
ಮೇಲೆ ತಂದದ್ದನ್ನೆಲ್ಲ ಕೆಳಗೆ ಒಯ್ಯುವುದು.
ಕಾಡಿನಿಂದ ಹೂವು, ಕಲ್ಲು, ನವಿಲುಗರಿ ಏನನ್ನೂ ತರದಿರುವುದು. ಪ್ರಸಾದ ಒಂದೇ ಸಾಕು.

ಇಷ್ಟನ್ನು ಪಾಲಿಸಿ ನಡೆದರೆ ನಿಮ್ಮ ಪರಸೆ ಹೋದ ಮಾರನೆಯ ದಿನ ಆ ದಾರಿಯಲ್ಲಿ ನೀವು ಬಂದ ಗುರುತೇ ಇರುವುದಿಲ್ಲ. ಆನೆ ತನ್ನ ಪಾಡಿಗೆ ದಾಟುತ್ತದೆ, ಹಳ್ಳದ ನೀರು ತಿಳಿಯಾಗಿರುತ್ತದೆ. ಮುಂದಿನ ವರ್ಷ ನಿಮ್ಮ ಮಕ್ಕಳು ಹರಕೆ ಹೊತ್ತು ಬಂದಾಗಲೂ ಮಾದಪ್ಪನ ಅಂಗಳ ಹೀಗೇ ಹಸಿರಾಗಿ ಸಿಗಬೇಕು.

ಉಘೇ ಉಘೇ ಮಾದಪ್ಪ. ಎಲ್ಲರ ಪ್ರಯಾಣ ಸುಖವಾಗಲಿ.